ಆನೆಗೆ ನಗು ಬೇಡ

ಹೊಸ ಪುಸ್ತಕದ ಕೆಲಸ ಮುಗಿಯುತ್ತಾ ಬಂದಿದೆ. ಚಿತ್ರಪುಸ್ತಕ, ಆರೇಳು ವರ್ಷದ ಮಕ್ಕಳಿಗೆ. ಹೆಸರು ಇನ್ನೂ ಪಕ್ಕಾ ಆಗಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನು ಹಲಸಿನ ಪುಸ್ತಕ ಅಂತಲೇ ಕರೆಯುತ್ತಿದ್ದಾರೆ. ಈಗ ಏನು ಬರೀತಿದ್ದೀರಿ, ಮಕ್ಕಳಿಗೆ ಏನು ಓದಿಸೋಣ ಅಂತ ಕೇಳುವವರು ಆಗಾಗ ಸಿಗುತ್ತಾರೆ. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ. ನಿಂತ ಕಾಲಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೆ ಇಲ್ಲಿ ಕೂತು ಹೇಳುತ್ತೇನೆ.

ಕತೆ ಚಿಕ್ಕದು. ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟ. ಅಲ್ಲಿ ಕೆಲಸದವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಒಬ್ಬ ಹುಡುಗಿ, ಅವಳ ಅಮ್ಮ, ಅಜ್ಜಿ. ಹಲಸು ಹಣ್ಣಾಗುವ ಕಾಲ. ರಾತ್ರಿ ಉಂಡು ಮಲಗುವ ಹೊತ್ತಿಗೆ ಮನೆ ಹಿಂದೆ ಕೊಂಬೆಯೊಂದು ಲಟಕ್ಕನೆ ಮುರಿಯುತ್ತದೆ. ಆನೆ ಬಂದಿದೆ. ಅಮ್ಮ ದೀಪ ಆರಿಸುತ್ತಾಳೆ. ಮೂವರೂ ಗೋಡೆಗೆ ಒರಗಿ ಕೂರುತ್ತಾರೆ. ಆನೆ ಹಣ್ಣು ತಿನ್ನುತ್ತದೆ, ಹೋಗುತ್ತದೆ. ಬೆಳಗಾಗುತ್ತದೆ. ಹುಡುಗಿ ಬಾಗಿಲು ತೆರೆದು ನೋಡುತ್ತಾಳೆ. ಅಷ್ಟೇ.

ಆನೆ ಅವಳ ಗೆಳೆಯ ಆಗುವುದಿಲ್ಲ. ಅವಳು ಹಳ್ಳಕ್ಕೆ ಬಿದ್ದ ಆನೆಮರಿಯನ್ನು ಕಾಪಾಡುವುದಿಲ್ಲ. ಆನೆ ಬೆನ್ನೇರಿ ಶಾಲೆಗೆ ಹೋಗುವುದೂ ಇಲ್ಲ.

ಮೊದಲು ಒಬ್ಬ ಪ್ರಕಾಶಕರಿಗೆ ಕಳಿಸಿದ್ದೆ. ಅಲ್ಲಿನ ಸಂಪಾದಕಿ ಒಳ್ಳೆಯವರು, ಮಕ್ಕಳ ಬಗ್ಗೆ ಪ್ರೀತಿ ಇರುವವರು. ಫೋನ್ ಮಾಡಿ, 'ತುಂಬಾ ಚೆನ್ನಾಗಿದೆ ಮೇಡಂ, ಆದರೆ ಮಕ್ಕಳು ಹೆದರಿಬಿಡ್ತಾರೆ. ಕೊನೆ ಪುಟದಲ್ಲಿ ಆನೆ ಹಿಂದೆ ತಿರುಗಿ ಒಂಚೂರು ನಗೋ ಹಾಗೆ ಮಾಡೋಣ್ವಾ?' ಅಂದರು. ಯೋಚನೆ ಮಾಡುತ್ತೇನೆ ಅಂದೆ. ನಿಜವಾಗಿಯೂ ಮಾಡಿದೆ. ನಗುವ ಆನೆ ಇರುವ ಪುಸ್ತಕಗಳು ಬೇಕಾದಷ್ಟಿವೆ, ಕೆಲವು ನನಗೂ ಇಷ್ಟ. ಆದರೆ ಈ ಆನೆ ನಕ್ಕರೆ, ಕತ್ತಲಲ್ಲಿ ಉಸಿರು ಬಿಗಿ ಹಿಡಿದು ಕೂತ ಆ ಹುಡುಗಿಗೆ 'ನೀನು ಸುಮ್ನೆ ಹೆದರಿದೆ' ಅಂದ ಹಾಗಾಗುತ್ತದೆ. ಅವಳು ಸುಮ್ನೆ ಹೆದರಲಿಲ್ಲ. ಆ ಪ್ರಕಾಶಕರ ಜೊತೆ ಪುಸ್ತಕ ಆಗಲಿಲ್ಲ. ಬೇರೆಯವರು ತೆಗೆದುಕೊಂಡರು. ಅವರು ನಗು ಕೇಳಲಿಲ್ಲ, ಪುಟ ಮಾತ್ರ ಕಮ್ಮಿ ಮಾಡಿ ಅಂದರು.

ಕೊಡಗಿನ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ಅಮ್ಮತ್ತಿ, ತಿತಿಮತಿ ಸುತ್ತ ಆನೆ ಅಂದರೆ ಕಾಡಿನ ಪ್ರಾಣಿ ಮಾತ್ರ ಅಲ್ಲ, ತೋಟದ ಪ್ರಾಣಿಯೂ ಹೌದು. ಕಾಫಿ ತೋಟದಲ್ಲಿ ನೆರಳಿದೆ, ನೀರಿಗೆ ಕೆರೆ ಇದೆ, ತಿನ್ನಲು ಹಲಸು, ಬಾಳೆ ಇದೆ. ಹಗಲೆಲ್ಲ ಮರದಡಿ ನಿಂತು, ಕತ್ತಲಾದ ಮೇಲೆ ಹೊರಡುತ್ತವೆ. ಕಂದಕ ತೋಡಿದ್ದಾಯಿತು, ಸೋಲಾರ್ ಬೇಲಿ ಹಾಕಿದ್ದಾಯಿತು, ರೈಲ್ವೆ ಹಳಿ ನೆಟ್ಟು ತಡೆ ಕಟ್ಟಿದ್ದಾಯಿತು. ಬೇಲಿ ಮೇಲೆ ಮರ ದೂಡಿ ದಾಟುವ ಆನೆಗಳಿವೆ. ಹಣ್ಣಾಗುವ ಮೊದಲೇ ಹಲಸಿನ ಕಾಯಿ ಕಡಿದು ಹಾಕುವ ತೋಟಗಳೂ ಇವೆ, ವಾಸನೆಗೆ ಆನೆ ಬರದಿರಲಿ ಅಂತ. ಯಾವ ತೋಟದಲ್ಲಿ ಆನೆ ನಿಂತಿದೆ ಅಂತ ಅರಣ್ಯ ಇಲಾಖೆಯವರ ಮೆಸೇಜ್ ಬರುತ್ತದೆ. ಅದನ್ನು ನೋಡಿಕೊಂಡೇ ಕೆಲಸ ಶುರು. ಬೆಂಗಳೂರಿನ ಮಗುವಿಗೆ ಆನೆ ಅಂದರೆ ಗೊಂಬೆ. ಇಲ್ಲಿಯ ಮಗುವಿಗೆ ಅದು ಇವತ್ತು ಶಾಲೆಗೆ ಲೇಟಾದದ್ದಕ್ಕೆ ಕಾರಣ. ಕೆಲವು ಮನೆಗಳಲ್ಲಿ ಅದಕ್ಕಿಂತ ದೊಡ್ಡ ಕಾರಣ, ಅದನ್ನು ಇಲ್ಲಿ ಬರೆಯುವುದಿಲ್ಲ.

ಕರಡು ಸಿದ್ಧವಾದಾಗ ಹತ್ತಿರದ ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓದಿದೆ. ಈಗ ಅದರ ಬೋರ್ಡಿನಲ್ಲಿ ಅರಿವು ಕೇಂದ್ರ ಅಂತ ಇದೆ. ಮಳೆ ಜೋರಾಗಿತ್ತು. ಶೀಟಿನ ಮೇಲೆ ಬೀಳುವ ಸದ್ದಿಗೆ ನನ್ನ ದನಿ ಕೇಳಿಸುತ್ತಿರಲಿಲ್ಲ, ಮಕ್ಕಳು ಹತ್ತಿರ ಹತ್ತಿರ ಸರಿದು ಬಂದರು. ಕೊಂಬೆ ಮುರಿಯುವ ಪುಟಕ್ಕೆ ಬಂದಾಗ ಯಾರೂ ಕಿರುಚಲಿಲ್ಲ. ಬದಲಿಗೆ ತಿದ್ದುಪಡಿ ಶುರುವಾಯಿತು. 'ಟೀಚರ್, ಮೊದಲು ನಾಯಿ ಬೊಗಳುತ್ತೆ.' 'ಆಮೇಲೆ ನಿಲ್ಲಿಸುತ್ತೆ. ನಿಲ್ಲಿಸಿದರೆ ಆನೆ ಹತ್ತಿರ ಬಂತು ಅಂತ.' 'ವಾಸನೆ ಬರುತ್ತೆ ಟೀಚರ್, ಲದ್ದಿ ವಾಸನೆ.' ಹಿಂದೆ ಕೂತಿದ್ದ ಒಬ್ಬ ಪುಟ್ಟ ಹುಡುಗ ಎದ್ದು ನಿಂತ. 'ನಮ್ಮ ಅಪ್ಪ ಕೆಮ್ಮು ಬಂದರೆ ದಿಂಬು ಬಾಯಿಗೆ ಇಟ್ಟುಕೊಳ್ತಾರೆ' ಅಂತ ಹೇಳಿ ಕೂತುಬಿಟ್ಟ. ಆ ದಿಂಬು ಈಗ ಪುಸ್ತಕದಲ್ಲಿದೆ. ಅಂಥದ್ದು ಮೇಜಿನ ಮುಂದೆ ಕೂತು ಯೋಚಿಸಿದರೆ ಹೊಳೆಯುವುದಿಲ್ಲ.

ಆ ಮಕ್ಕಳ ಗುಂಪನ್ನೂ ಹೇಳಬೇಕು. ಮನೆಯಲ್ಲಿ ಒಬ್ಬಳದು ಕೊಡವ ತಕ್ಕ್, ಇಬ್ಬರದು ಅರೆಭಾಷೆ, ಒಬ್ಬನದು ಮಲಯಾಳ, ಕೆಲವರದು ಯರವ, ಇನ್ನು ಕೆಲವರದು ತುಳು, ತಮಿಳು. ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರ ಮಗಳೂ ಒಬ್ಬಳಿದ್ದಳು. ಕೊಡಗಿನಲ್ಲಿ ಕನ್ನಡದ ಮಕ್ಕಳ ಪುಸ್ತಕ ಬರೆಯುವುದು ಅಂದರೆ ಇದು. ಓದುವ ಅರ್ಧ ಮಕ್ಕಳಿಗೆ ಕನ್ನಡ ಶಾಲೆಯಲ್ಲಿ ಸಿಕ್ಕ ಭಾಷೆ. ಹಾಗಾಗಿ ವಾಕ್ಯ ಚಿಕ್ಕದಿರಬೇಕು, ಒತ್ತಕ್ಷರ ಒಂದರ ಮೇಲೊಂದು ಬೀಳಬಾರದು, ಗಟ್ಟಿಯಾಗಿ ಓದಿದರೆ ನಾಲಿಗೆ ತೊಡರಬಾರದು. ಅಜ್ಜಿಯ ಬಾಯಲ್ಲಿ ಏನು ಮಾತಾಡಿಸುವುದು ಅಂತ ತುಂಬಾ ತಲೆ ಕೆಡಿಸಿಕೊಂಡಿದ್ದೆ. ಕನ್ನಡ ಆಡಿದರೆ ಸುಳ್ಳು ಅನ್ನಿಸುತ್ತಿತ್ತು, ಬೇರೆ ಭಾಷೆ ಆಡಿದರೆ ಉಳಿದ ಮಕ್ಕಳಿಗೆ ದೂರ. ಕೊನೆಗೆ ಅಜ್ಜಿಗೆ ಇಡೀ ಪುಸ್ತಕದಲ್ಲಿ ಇರುವುದು ಒಂದೇ ಮಾತು: ಶ್ಶ್.

ಚಿತ್ರ ಬರೆಯುತ್ತಿರುವ ಹುಡುಗಿ ಮೈಸೂರಿನವಳು. ಚಿತ್ರಪುಸ್ತಕದ ಲೆಕ್ಕಾಚಾರ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಅಚ್ಚಿನ ಹಾಳೆ ಮಡಚಿದಾಗ ಪುಟಗಳು ಎಂಟರ, ಹದಿನಾರರ ಲೆಕ್ಕದಲ್ಲಿ ಬರುತ್ತವೆ. ಅದಕ್ಕೇ ಇಂಥ ಪುಸ್ತಕಗಳು ಸಾಮಾನ್ಯವಾಗಿ 24 ಪುಟ ಅಥವಾ 32 ಪುಟ ಇರುತ್ತವೆ. ನಮ್ಮದು 24ಕ್ಕೆ ಇಳಿಯಿತು. ಹೆಸರಿನ ಪುಟ, ಪ್ರಕಾಶಕರ ಪುಟ ಬಿಟ್ಟರೆ ಕತೆಗೆ ಸಿಗುವುದು ಹತ್ತು ಹನ್ನೊಂದು ಜೋಡಿ ಪುಟ. ಮಗು ಪುಟ ತಿರುಗಿಸುವ ಆ ಒಂದು ಕ್ಷಣ ಇದೆಯಲ್ಲ, ಅದೇ ನಮ್ಮ ಬಂಡವಾಳ. ಕೊಂಬೆಯ ಸದ್ದು ಬಲಗಡೆ ಪುಟದ ಕೊನೆಯಲ್ಲಿ ಬರಬೇಕು. ತಿರುಗಿಸಿದರೆ ಆನೆ ಕಾಣಬೇಕು ಅಂತ ಎಲ್ಲರೂ ಕಾಯುತ್ತಾರೆ. ಅವಳು ಅಲ್ಲಿ ಬರೀ ಕತ್ತಲೆ ಇಟ್ಟಿದ್ದಾಳೆ. ಎರಡೂ ಪುಟ ತುಂಬ ಕಡುನೀಲಿ, ಮೂಲೆಯಲ್ಲಿ ಹಲಸಿನ ಎಲೆ ನಾಲ್ಕು. ನೋಡಿ ಖುಷಿಯಾಯಿತು. ಇಡೀ ಪುಸ್ತಕದಲ್ಲಿ ಆನೆ ಪೂರ್ತಿಯಾಗಿ ಎಲ್ಲೂ ಇಲ್ಲ. ಒಂದು ಕಡೆ ಬೆನ್ನಿನ ಗೆರೆ, ಇನ್ನೊಂದು ಕಡೆ ಕೆಸರಲ್ಲಿ ನೀರು ತುಂಬಿದ ಹೆಜ್ಜೆ ಗುರುತು.

ಹೆದರಿಕೆಯನ್ನು ಓಡಿಸುವ ಅವಸರ ನಮ್ಮ ಮಕ್ಕಳ ಪುಸ್ತಕಗಳಿಗೆ ಜಾಸ್ತಿ ಆಗಿದೆ ಅನ್ನುವುದು ನನ್ನ ತಕರಾರು. ಹೆದರಿದ ಮಗು ಮೂರನೇ ಪುಟದಲ್ಲಿ ಧೈರ್ಯ ತಂದುಕೊಳ್ಳಬೇಕು, ಐದನೇ ಪುಟದಲ್ಲಿ ಗೆಲ್ಲಬೇಕು. ಹೆದರಿಕೊಂಡೇ ರಾತ್ರಿ ಕಳೆದ ಮಗುವಿಗೆ ಯಾವ ಪುಸ್ತಕದಲ್ಲೂ ಜಾಗ ಇಲ್ಲ. ಹಳೆಯವರು ಹೀಗಿರಲಿಲ್ಲ. ಈ ಹಲಸಿನ ಪುಸ್ತಕ ಬರೆಯುವಾಗ ಪಕ್ಕದಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಓದಿದವು ಅವರವೇ.

ಮೊದಲನೆಯವರು ಪಂಜೆ ಮಂಗೇಶರಾಯರು. ಕೊಡಗಿನವರಿಗೆ ಪಂಜೆಯವರು ಅಂದರೆ ಹುತ್ತರಿ ಹಾಡು. ಮಡಿಕೇರಿಯಲ್ಲಿ ಹೆಡ್‌ಮಾಸ್ಟರ್ ಆಗಿದ್ದರು. ನಮ್ಮಲ್ಲಿ ಆ ಹಾಡು ಬಾರದ ಶಾಲೆ ಇರಲಿಕ್ಕಿಲ್ಲ. ಆದರೆ ನನಗೆ ಅವರ ಮಕ್ಕಳ ಪದ್ಯ, ಕತೆಗಳೇ ಹೆಚ್ಚು. 1921ರಲ್ಲೇ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದವರು ಅವರು. ಅವರ ನಾಗರಹಾವಿನ ಪದ್ಯ ಎಲ್ಲರಿಗೂ ಬಾಯಿಗೆ ಬರುತ್ತದೆ, ಆದರೆ ಅದು ಎಷ್ಟು ಜಾಣ ಪದ್ಯ ಅಂತ ನಿಧಾನವಾಗಿ ನೋಡಿ. ಶುರುವಿನಲ್ಲಿ ಮಗು ಹಾವಿಗೆ ಕೈ ಮುಗಿಯುತ್ತದೆ, ಹಾಲು ಕೊಡುತ್ತೇನೆ ಅನ್ನುತ್ತದೆ, ಬಾ ಬಾ ಬಾ ಬಾ ಅಂತ ಕರೆಯುತ್ತದೆ. ಕೊನೆಗೆ ಬಂದರೆ ಪೋ ಪೋ ಪೋ ಪೋ. ನಡುವೆ ಹಾವೇನೂ ಮಾಡಿಲ್ಲ. ಮಗುವಿಗೇ ಒಳಗೊಳಗೆ ಪುಕುಪುಕು ಶುರುವಾಗಿದೆ. ಬೇಕು, ಬೇಡ, ನೋಡಬೇಕು, ಓಡಬೇಕು, ಎಲ್ಲ ಒಟ್ಟಿಗೆ. ಆನೆ ಬಂದ ರಾತ್ರಿ ಕಿಟಕಿ ಸಂದಿಯಲ್ಲಿ ಇಣುಕುವ ಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಲೈಬ್ರರಿಯಲ್ಲಿ ಈ ಪದ್ಯ ಹೇಳಿಸಿದರೆ ಬಾ ಬಾ ಮೆತ್ತಗೆ ಬರುತ್ತದೆ, ಪೋ ಪೋ ಮಾತ್ರ ಮಾಡು ಹಾರುವಷ್ಟು ಜೋರು.

ಅವರದೇ ಸಿಗಡಿಯ ಕತೆ ಬೇರೆ ಜಾತಿ. ಸಿಗಡಿ ಯಾಕೆ ಒಣಗಲಿಲ್ಲ ಅಂತ ಕೇಳುತ್ತಾ, ಒಂದರ ತಪ್ಪನ್ನು ಇನ್ನೊಂದರ ಮೇಲೆ ಹಾಕುತ್ತಾ ಸರಪಳಿಯ ಹಾಗೆ ಹೋಗುವ ಕತೆ. ಎರಡು ಕೊಂಡಿ ಹೇಳಿದರೆ ಸಾಕು, ಮೂರನೆಯದನ್ನು ಮಕ್ಕಳೇ ಕಿತ್ತುಕೊಳ್ಳುತ್ತಾರೆ. ಕರಾವಳಿಯ ಕತೆ, ನಮ್ಮ ಬೆಟ್ಟದ ಮೇಲೆ ನಡೆಯುತ್ತಾ ಅನ್ನುವ ಅನುಮಾನ ಇತ್ತು. ನಡೆಯಿತು, ಬೇರೆ ಥರ. 'ಸಿಗಡಿ ಯಾಕೆ ಒಣಗಲಿಲ್ಲ?' ಅಂತ ನಾನು ಕೇಳಿದ ತಕ್ಷಣ ಮುಂದಿನ ಸಾಲಿನಿಂದ ಉತ್ತರ ಬಂತು: 'ಮಳೆ ಅಲ್ವಾ ಟೀಚರ್!' ಕತೆ ಅಲ್ಲೇ ಮುಗಿದುಹೋಯಿತು. ಜುಲೈ ತಿಂಗಳಲ್ಲಿ ಶಾಲೆಯ ಯೂನಿಫಾರ್ಮನ್ನು ಒಲೆ ಮೇಲೆ ಒಣಗಿಸಿ, ಹೊಗೆ ವಾಸನೆ ಹೊತ್ತು ಬರುವ ಮಕ್ಕಳಿಗೆ ಇದೂ ಒಂದು ಪ್ರಶ್ನೆಯಾ?

ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿ ಬಗ್ಗೆ ಹೊಸದಾಗಿ ಹೇಳಲು ಏನೂ ಇಲ್ಲ ಅಂದುಕೊಂಡಿದ್ದೆ. ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯದ ಕತೆ, ತುಂಗೆಯ ದಡಕ್ಕೆ ಬಂದು ನಮ್ಮದೇ ಆಗಿಬಿಟ್ಟಿದೆ. ಇಲಿಗಳಿಗೆ ಅಣ್ಣ ತಮ್ಮ, ಅಕ್ಕ ತಂಗಿಯ ನಂಟು ಕಟ್ಟುವ ಸಾಲುಗಳಿಗೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆದರೆ ಈ ಸಲ ಓದುವಾಗ ನಾನು ನಿಂತದ್ದು ಕೊನೆಯಲ್ಲಿ. ದೊಡ್ಡವರು ಕೊಟ್ಟ ಮಾತಿಗೆ ತಪ್ಪುತ್ತಾರೆ. ಅದಕ್ಕೆ ಊರಿನ ಮಕ್ಕಳೆಲ್ಲ ಹೋಗಿಬಿಡುತ್ತಾರೆ. ಬೆಟ್ಟ ಬಾಯಿ ತೆರೆಯುತ್ತದೆ, ಮುಚ್ಚಿಕೊಳ್ಳುತ್ತದೆ. ಕಾಲು ಸರಿಯಿಲ್ಲದೆ ಹಿಂದೆ ಬಿದ್ದ ಒಬ್ಬ ಹುಡುಗ ಉಳಿಯುತ್ತಾನೆ. ಶಾಲಾ ವಾರ್ಷಿಕೋತ್ಸವದ ನಾಟಕವೊಂದರಲ್ಲಿ, ಕೊನೆಗೆ ಎಲ್ಲ ಮಕ್ಕಳನ್ನೂ ವಾಪಸ್ ಕರೆಸಿ ಡ್ಯಾನ್ಸ್ ಮಾಡಿಸಿದ್ದನ್ನು ನೋಡಿದ್ದೇನೆ. ಪೋಷಕರು ಚಪ್ಪಾಳೆ ತಟ್ಟಿದರು. ನನ್ನ ಪಕ್ಕ ಕೂತಿದ್ದ ಹುಡುಗಿ ಮಾತ್ರ, 'ಹಾಗಾದರೆ ಊರಿನವರು ದುಡ್ಡು ಕೊಟ್ಟರಾ?' ಅಂತ ಕೇಳಿದಳು. ಕೊಟ್ಟಿರಲಿಲ್ಲ.

ಚಂದಮಾಮದ ಬೇತಾಳವನ್ನು ಬಿಟ್ಟರೆ ಈ ಪಟ್ಟಿ ಪೂರ್ತಿಯಾಗುವುದಿಲ್ಲ. ಕನ್ನಡದಲ್ಲಿ ಚಂದಮಾಮ ಶುರುವಾದದ್ದು 1949ರಲ್ಲಿ. ನನ್ನ ಕೈಗೆ ಸಿಗುವ ಹೊತ್ತಿಗೆ ಹಳೆಯ ಸಂಚಿಕೆಗಳಿಗೆ ಅಜ್ಜನ ಮನೆಯವರು ಗೋಣಿ ದಾರದಲ್ಲಿ ಹೊಲಿಗೆ ಹಾಕಿಟ್ಟಿದ್ದರು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಹಿಂದೆ ಸ್ಮಶಾನ. ಆ ಚಿತ್ರ ಬರೆದ ಶಂಕರ್ ಅವರು 2020ರಲ್ಲಿ ತೀರಿಕೊಂಡರು. ತಿಂಗಳು ತಿಂಗಳು ಅದೇ ಹೆಣ, ಅದೇ ಮರ, ಮತ್ತೆ ಮೊದಲಿನಿಂದ. ಇವತ್ತಿನ ಸಂಪಾದಕರು ಒಪ್ಪುತ್ತಿದ್ದರಾ ಅಂತ ಒಂದೊಂದು ಸಲ ಯೋಚನೆ ಬರುತ್ತದೆ. ನಾನಂತೂ ಆ ಪುಟವನ್ನು ಹಗಲು ಹೊತ್ತು ಮಾತ್ರ ತೆರೆಯುತ್ತಿದ್ದೆ. ಆದರೆ ತೆರೆಯದೆ ಬಿಟ್ಟದ್ದಿಲ್ಲ.

ಹೊರಗಿನ ಪುಸ್ತಕಗಳಲ್ಲಿ ಒಂದನ್ನೇ ಹೇಳುತ್ತೇನೆ, ತೊತ್ತೊ-ಚಾನ್. ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದದ್ದು. ಅಲ್ಲಿ 1981ರಲ್ಲಿ ಬಂತು. ವಿ. ಗಾಯತ್ರಿ ಅವರ ಅನುವಾದದಲ್ಲಿ ಕನ್ನಡದಲ್ಲೂ ಇದೆ. ರೈಲು ಬೋಗಿಗಳಲ್ಲಿ ನಡೆಯುವ ಶಾಲೆ ಅಂತ ಎಲ್ಲ ಟೀಚರ್‌ಗಳೂ ಹೊಗಳುತ್ತಾರೆ, ತರಬೇತಿಗಳಲ್ಲಿ ಓದಿಸುತ್ತಾರೆ. ಅದೇ ಪುಸ್ತಕದಲ್ಲಿ ಪೋಲಿಯೋ ಆಗಿದ್ದ ಗೆಳೆಯ ಸಾಯುತ್ತಾನೆ. ಅವನನ್ನು ಪುಟ್ಟ ಹುಡುಗಿ ತೊತ್ತೊ-ಚಾನ್ ಹರಸಾಹಸ ಮಾಡಿ ಮರ ಹತ್ತಿಸಿರುತ್ತಾಳೆ. ಕೊನೆಗೆ ಯುದ್ಧದ ಬಾಂಬಿಗೆ ಶಾಲೆಯೇ ಸುಟ್ಟು ಹೋಗುತ್ತದೆ. ಇದನ್ನು ಯಾರೂ ತರಬೇತಿಯಲ್ಲಿ ಹೇಳಿದ್ದು ಕೇಳಿಲ್ಲ. ಮಕ್ಕಳಿಗೆ ಓದಿ ಹೇಳಿದರೆ ಅವರು ನೆನಪಿಡುವುದು ಬೋಗಿಗಿಂತ ಮರ ಹತ್ತಿದ್ದನ್ನು.

ನಾ. ಡಿಸೋಜ ಅವರನ್ನು ಇಲ್ಲಿಯವರು ನೋಡಿದ್ದಾರೆ. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ಸಾಹಿತ್ಯ ಸಮ್ಮೇಳನ ಆದಾಗ ಅವರೇ ಅಧ್ಯಕ್ಷರು. ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡು ದೊಡ್ಡವರಿಗೂ ಬರೆದರು, ಮಕ್ಕಳಿಗೂ ಬರೆದರು. ಮುಳುಗಡೆಯ ಊರಿಗೆ ಬಂದವರು ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಊರು ನೀರಿನಡಿ ಹೋಗುವುದು ಮಕ್ಕಳ ವಿಷಯ ಅಲ್ಲ ಅಂತ ಅವರು ಯಾವತ್ತೂ ಅಂದುಕೊಳ್ಳಲಿಲ್ಲ. ಹಾರಂಗಿ ಹಿನ್ನೀರಿನ ಪಕ್ಕ ಬೆಳೆದ ಮಕ್ಕಳೂ ಹಾಗೆ ಅಂದುಕೊಳ್ಳುವುದಿಲ್ಲ. 2025ರ ಜನವರಿಯಲ್ಲಿ ಅವರು ಹೋದ ಸುದ್ದಿ ಬಂದಾಗ ನಮ್ಮ ಲೈಬ್ರರಿಯಲ್ಲಿ ಅವರ ಪುಸ್ತಕ ಹುಡುಕಿದೆ. ಯಾರೋ ಮನೆಗೆ ಒಯ್ದಿದ್ದರು. ಒಳ್ಳೆಯದೇ ಆಯಿತು ಅಂದುಕೊಂಡೆ.

ಇನ್ನು ಬೇಗ ಬೇಗ ಎರಡು. ಅನುಪಮಾ ನಿರಂಜನ ಅವರ ದಿನಕ್ಕೊಂದು ಕಥೆ, ಹನ್ನೆರಡು ಸಂಪುಟ. ಮಳೆ ರಜೆಗೆ ಇದಕ್ಕಿಂತ ಒಳ್ಳೆಯ ದಾಸ್ತಾನು ಇಲ್ಲ. ವೈದೇಹಿ ಅವರ ಮಕ್ಕಳ ನಾಟಕಗಳು, ಅದರಲ್ಲೂ ಶೇಕ್ಸ್‌ಪಿಯರನ ಬಿರುಗಾಳಿಯ ನಾಟಕವನ್ನು ಮಕ್ಕಳಿಗೆ ಇಳಿಸಿದ ಧಾಂ ಧೂಂ ಸುಂಟರಗಾಳಿ. ಪುಸ್ತಕ ಕೊಳ್ಳಲು ಆಗದವರು ಪಂಚಾಯಿತಿ ಲೈಬ್ರರಿಗೆ ಹೋಗಿ. 2020ರಲ್ಲಿ ಓದುವ ಬೆಳಕು ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಬೀರು ಬೀಗ ಹಾಕಿದ್ದರೆ ಕೀ ಕೇಳಿ. ಪುಸ್ತಕ ಹಾಳಾಗುತ್ತೆ ಅಂತ ಬೀಗ ಹಾಕುವ ಕಡೆಗಳೂ ಇವೆ, ಒಳಗೆ ಬೂಸ್ಟು ಹಿಡಿದು ಹಾಳಾಗುತ್ತಿರುತ್ತವೆ.

ಹೆದರಿಕೆಯ ವಿಷಯದಲ್ಲಿ ನನ್ನ ಹಟಕ್ಕೆ ಇನ್ನೊಂದು ಕಾರಣ 2018ರ ಆಗಸ್ಟ್. ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆ ಬೆಟ್ಟ ಜರಿದು ಮನೆ ತೋಟ ಕೊಚ್ಚಿ ಹೋದ ಮಳೆ. ಪರಿಹಾರ ಕೇಂದ್ರವೊಂದಕ್ಕೆ ಮಕ್ಕಳಿಗೆ ಕತೆ ಹೇಳಲು ನಾವು ಕೆಲವರು ಹೋಗಿದ್ದೆವು. ನಗಿಸುವ ಕತೆಗಳನ್ನೇ ಆರಿಸಿಕೊಂಡು ಹೋಗಿದ್ದೆವು, ಯಾರಾದರೂ ಹಾಗೇ ಮಾಡುತ್ತಿದ್ದರು. ಮಕ್ಕಳು ಮರ್ಯಾದೆಗೆ ನಕ್ಕರು. ಆಮೇಲೆ ಒಬ್ಬಳು, 'ದೆವ್ವದ್ದು ಗೊತ್ತಿದೆಯಾ ಟೀಚರ್?' ಅಂದಳು. ಉಳಿದವರೆಲ್ಲ ಚಾಪೆ ಎಳೆದುಕೊಂಡು ಮುಂದೆ ಬಂದರು. ಬೇತಾಳ ಹೇಳಿದೆವು. ನಮ್ಮೂರ ದೈವ ಗುಳಿಗನ ಕತೆ ಅವರೇ ಹೇಳಿದರು. ಪಕ್ಕದಲ್ಲಿ ತಾಯಂದಿರು ಬಟ್ಟೆ ಮಡಚುತ್ತಾ ಕೇಳುತ್ತಿದ್ದರು, ಯಾರೂ ಬೇಡ ಅನ್ನಲಿಲ್ಲ. ಮಣ್ಣಿನ ಸದ್ದಿನ ಬಗ್ಗೆ ಒಂದು ಮಗುವೂ ಮಾತಾಡಲಿಲ್ಲ. ದೆವ್ವದ ಕಾಲು ಹಿಂದೆ ತಿರುಗಿರುತ್ತೋ ಇಲ್ಲವೋ ಅನ್ನುವುದರ ಮೇಲೆ ದೊಡ್ಡ ಜಗಳವೇ ಆಯಿತು.

ಆ ಮಳೆಯ ಬಗ್ಗೆ ಮಕ್ಕಳ ಪುಸ್ತಕ ಯಾಕೆ ಬರೆಯಲಿಲ್ಲ ಅಂತ ಕೇಳುತ್ತಾರೆ. ಬರೆಯಬೇಕಾದವರು ಆ ಚಾಪೆ ಮೇಲೆ ಕೂತಿದ್ದವರು. ಅವರೆಲ್ಲ ಈಗ ಹೈಸ್ಕೂಲು ದಾಟಿ ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ದೆವ್ವದ್ದು ಕೇಳಿದವಳು ಈಚೆಗೆ ಒಂದು ಕತೆ ಬರೆದು ತಂದು ಕೊಟ್ಟಳು. ನಾಲ್ಕು ಪುಟ, ಪೆನ್ಸಿಲ್‌ನಲ್ಲಿ. ಬೆಟ್ಟ ಕುಸಿದದ್ದು ಅದರಲ್ಲಿ ಎಲ್ಲೂ ಇಲ್ಲ. ಅವರ ಮನೆಯ ಆಡೊಂದು ಕಾಣೆಯಾಗಿ, ಯಾರದೋ ತೋಟದಲ್ಲಿ ಸಿಕ್ಕಿ, ಅದು ನಮ್ಮದು ತಮ್ಮದು ಅಂತ ಎರಡು ಮನೆಯವರು ಗಲಾಟೆ ಮಾಡುವ ಕತೆ. ಆಡಿನ ಕಿವಿಯ ಗುರುತು, ಅದರ ಹಟ, ಅದು ತಿಂದ ಛತ್ರಿಯ ಬಟ್ಟೆ, ಎಲ್ಲ ಇದೆ. ಕೊನೆಯಲ್ಲಿ ಆಡು ಯಾರಿಗೆ ಸೇರಿತು ಅಂತ ಮಾತ್ರ ಬರೆದಿಲ್ಲ. 'ಅದನ್ನು ಬರೀಬೇಕಾ ಟೀಚರ್?' ಅಂತ ಕೇಳಿದಳು. ಬೇ‌ಡ ಅಂದೆ. ಕಾಗುಣಿತ ತಿದ್ದಿ ಕೊಟ್ಟಿದ್ದೇನೆ, ಶುದ್ಧಪ್ರತಿ ಮಾಡುತ್ತಿದ್ದಾಳೆ. ಯಾವ ಪತ್ರಿಕೆಗೆ ಕಳಿಸುವುದು ಅಂತ ಇನ್ನೂ ನಿಶ್ಚಯ ಆಗಿಲ್ಲ.